ಕಳ್ಳರ ಕಾಗುಣಿತ ತಿದ್ದಿದ್ದು

ನನಗೆ ಟೋಪಿ ಹಾಕುವ ಗಂಡಸು ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ; ಹುಟ್ಟಿದ್ದರೂ ಅವನಿಗೆ ಕಾಗುಣಿತ ಬರುವುದಿಲ್ಲ! ಕಳೆದ ತಿಂಗಳ ಮೊದಲ ಬುಧವಾರದವರೆಗೂ ನಾನು ಹೀಗೆ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಕೇಳುವವರು ಇದ್ದರೂ ಹೇಳುತ್ತಿದ್ದೆ, ಇಲ್ಲದಿದ್ದರೂ ಹೇಳುತ್ತಿದ್ದೆ.

ನಾನೊಬ್ಬ ಪ್ರೂಫ್ ರೀಡರ್. ಇಪ್ಪತ್ತಾರು ವರ್ಷಗಳಿಂದ ಒಂದು ಪ್ರೆಸ್ಸಿನ ಮೂಲೆಯಲ್ಲಿ ಕೆಂಪು ಪೆನ್ನು ಹಿಡಿದು ಕೂತು, ಬಡಪಾಯಿ ಅಲ್ಪಪ್ರಾಣಗಳಿಗೆ ಮಹಾಪ್ರಾಣ ದಯಪಾಲಿಸುತ್ತಿದ್ದೇನೆ. ಪ್ರಾಣ ಕೊಡುವ ಕೆಲಸವನ್ನು ಡಾಕ್ಟರು ಮಾಡಿದರೆ ಕಾರು ಕೊಳ್ಳುತ್ತಾರೆ, ನಾನು ಮಾಡಿದರೆ ಕನ್ನಡಕದ ನಂಬರ್ ಏರುತ್ತದೆ. ಇರಲಿ. ಈ ಇಪ್ಪತ್ತಾರು ವರ್ಷಗಳ ತಪಸ್ಸಿನಿಂದ ನಾನೊಂದು ಮಹಾಸಿದ್ಧಾಂತ ಕಂಡುಹಿಡಿದಿದ್ದೆ. ಫೋನಿನಲ್ಲಿ ಮೋಸ ಮಾಡುವ ಕಳ್ಳರಿಗೆ ಒತ್ತಕ್ಷರ ಬರುವುದಿಲ್ಲ. ತಪ್ಪು ಕಂಡಿತೋ, ಕಳ್ಳ ಸಿಕ್ಕಿದ!

"ಕಳ್ಳರೇನು ಸ್ಕೂಲಿಗೆ ಹೋಗಿರಲ್ವೇನ್ರೀ?" ಎಂದು ನನ್ನ ಹೆಂಡತಿ ಹೊಲಿಗೆ ಮಷಿನ್ನಿನಿಂದ ತಲೆ ಎತ್ತದೆಯೇ ಕೇಳಿದ್ದಳು.

"ಹೋಗಿದ್ರೂ ಕೊನೇ ಬೆಂಚಲ್ಲಿ ಕೂತಿರ್ತಾರೆ ಕಣೇ!"

"ನೀವು ಯಾವ ಬೆಂಚಲ್ಲಿ ಕೂತಿದ್ರಿ?"

ಇಂಥ ಪ್ರಶ್ನೆಗಳಿಗೆಲ್ಲ ವಿದ್ವಾಂಸರು ಉತ್ತರಿಸುವುದಿಲ್ಲ.

ಅವಳ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮನೆಯ ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ಹೊಲಿಗೆಯಲ್ಲಿ ಅವಳಿಗೆ ಸಾಟಿಯಿಲ್ಲ, ಆದರೆ ಬಟ್ಟೆಯ ಅಂಚಿಗೆ ಓವರ್‌ಲಾಕ್ ಹಾಕಿಸಲು ಮಾತ್ರ ಮುಂದಿನ ಬೀದಿಯ ಟೈಲರ್ ಹತ್ತಿರ ಗಂಟು ಹೊತ್ತುಕೊಂಡು ಹೋಗಬೇಕು. ಆ ಪುಣ್ಯಾತ್ಮ ಎಲ್ಲರ ಬಟ್ಟೆ ಮುಗಿಸಿ ಕೊನೆಗೆ ಇವಳದನ್ನು ಮುಟ್ಟುತ್ತಾನೆ. ಅದಕ್ಕೇ ಎರಡು ವರ್ಷ ಹೊಟ್ಟೆ ಬಟ್ಟೆ ಕಟ್ಟಿ, ಸ್ವಂತದ ಒಂದು ಓವರ್‌ಲಾಕ್ ಮಷಿನ್ನಿಗೆಂದು ದುಡ್ಡು ಕೂಡಿಟ್ಟಿದ್ದಳು. ದುಡ್ಡಿದ್ದದ್ದು ಇಬ್ಬರ ಹೆಸರಿನ ಖಾತೆಯಲ್ಲಿ. ಶುಕ್ರವಾರ ಮಷಿನ್ ಬರುವುದಿತ್ತು. ನರ್ಸ್‌ಗಳ ಮೂವತ್ತು ಯೂನಿಫಾರಂನ ಆರ್ಡರೂ ಅವಳ ಕೈಗೆ ಬಂದಿತ್ತು.

ಬುಧವಾರ ನನಗೆ ವಾರದ ರಜೆ. ಬೆಳಿಗ್ಗೆ ಹತ್ತು ಗಂಟೆಗೆ ಒಳಕೋಣೆಯಲ್ಲಿ ಕಾಲು ಚಾಚಿ ಕೂತಿದ್ದಾಗ ಫೋನಿಗೊಂದು ಸಂದೇಶ ಬಂತು.

"ಮಾನ್ಯ ಗ್ರಾಹಕರೆ, ನಿಮ್ಮ ಕಾತೆಯನ್ನು ಸ್ತಗಿತ ಗೊಳಿಸಲಾಗುತಿದೆ. ಧಯವಿಟ್ಟು ಕೆಳಗಿನ ಲಿಂಕ್ ಹೊತ್ತಿರಿ."

ಸಾಮಾನ್ಯ ಮನುಷ್ಯರು ಇದನ್ನು ಅಳಿಸಿ ಸ್ನಾನಕ್ಕೆ ಹೋಗುತ್ತಾರೆ. ನಾನು ಸಾಮಾನ್ಯನೇ? ನನ್ನ ಕೈ ಕೆರೆಯತೊಡಗಿತು. ಎರಡು ಸಾಲಿನಲ್ಲಿ ಐದಾರು ತಪ್ಪು! ನೇರವಾಗಿ ಉತ್ತರ ಬರೆದೆ: "ಕಾತೆ ಅಲ್ಲ, ಖಾತೆ. ಸ್ತಗಿತ ಅಲ್ಲ, ಸ್ಥಗಿತ. ದಯೆಗೆ ಮಹಾಪ್ರಾಣ ಬೇಡ. ಇನ್ನು, ಲಿಂಕನ್ನು ಹೊರುವುದಕ್ಕೆ ಅದೇನು ಮೂಟೆಯೇ? ಒತ್ತಿರಿ ಎಂದು ಬರೆಯಿರಿ. ಕಳ್ಳತನ ಮಾಡುವುದಾದರೂ ಶುದ್ಧವಾಗಿ ಮಾಡಿ!"

ಬರೆದು ಮೀಸೆ ತಿರುವಿಕೊಂಡೆ. ಎರಡೇ ನಿಮಿಷಕ್ಕೆ ಉತ್ತರ ಬಂತು.

"ತಪ್ಪಾಯಿತು ಗುರುಗಳೆ. ನಾವು ಕಳ್ಳರಲ್ಲ, ಬ್ಯಾಂಕಿನವರು. ಕಾಗುಣಿತ ಬಾರದ್ದಕ್ಕೆ ಜನ ನಮ್ಮನ್ನು ಕಳ್ಳರು ಅನ್ನುತ್ತಿದ್ದಾರೆ. ನಮಗೆ ಯಾರು ಹೇಳಿಕೊಟ್ಟಿಲ್ಲ."

ಗುರುಗಳೆ! ಪ್ರೆಸ್ಸಿನ ಮಾಲೀಕರು ನನ್ನನ್ನು ಕರೆಯುವುದು "ರೀ ಕೆಂಪು ಪೆನ್" ಎಂದು. ಪುಸ್ತಕ ಬರೆದ ಮಹನೀಯರು "ಆ ತಿದ್ದುವವರು" ಎನ್ನುತ್ತಾರೆ. ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ ಒಬ್ಬ ಪ್ರಾಣಿ ನನ್ನನ್ನು ಗುರು ಎಂದಿತ್ತು. ನನ್ನ ಕರುಳು ಚುರ್ ಎಂದಿತು. ಪಾಪ, ಒಂದು ಮಹಾಪ್ರಾಣದ ಕೊರತೆಯಿಂದ ಒಂದಿಡೀ ಬ್ಯಾಂಕಿನ ಮಾನ ಹೋಗುತ್ತಿದೆಯಲ್ಲ!

"ಯಾರು ಅಲ್ಲ, ಯಾರೂ," ಎಂದು ಬರೆದೆ. ಮೃದುವಾಗಿ ಬರೆದೆ.

ಆಮೇಲೆ ನಡೆದದ್ದು ಗುರುಕುಲ. ಅವರು ಕಳಿಸುವುದು, ನಾನು ತಿದ್ದುವುದು. ನನ್ನನ್ನು "ಗೌರವ ಭಾಷಾ ಸಲಹೆಗಾರ"ರನ್ನಾಗಿ ನೇಮಿಸಿಕೊಂಡಿದ್ದೇವೆ ಎಂದರು. ಗೌರವಧನ ಉಂಟು ಎಂದರು. ಗೌರವಧನದ ಅರ್ಜಿಯನ್ನೂ ನನ್ನಿಂದಲೇ ತಿದ್ದಿಸಿದರು. ಹದಿನಾಲ್ಕು ತಪ್ಪು ತೆಗೆದೆ. ಅರ್ಧ ಗಂಟೆಯಲ್ಲಿ ಅರ್ಜಿ ಥಳಥಳ ಹೊಳೆಯುತ್ತಾ ವಾಪಸ್ ಬಂತು.

"ಗುರುಗಳೇ, ಮೊದಲ ಅರ್ಜಿಯನ್ನು ತಾವೇ ತುಂಬಿ ಉದ್ಘಾಟಿಸಬೇಕು."

"ಗುರುಗಳೇ"ಯಲ್ಲಿ ದೀರ್ಘ ಇತ್ತು! ಶಿಷ್ಯರು ಪಾಠ ಕಲಿತಿದ್ದರು. "ಉದ್ಘಾಟಿಸಬೇಕು" ಎನ್ನುವಲ್ಲಿ ಘಕಾರವೂ ಸರಿಯಾಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು. ಆ ಅರ್ಜಿಯಲ್ಲಿ ದುರ್ಬೀನು ಹಾಕಿ ಹುಡುಕಿದರೂ ಒಂದು ತಪ್ಪಿರಲಿಲ್ಲ. ತಪ್ಪಿಲ್ಲದ್ದು ಮೋಸವಲ್ಲ ಎನ್ನುವುದು ನನ್ನದೇ ಸಿದ್ಧಾಂತ. ತಪ್ಪು ಇಲ್ಲದಿದ್ದದ್ದು ನಾನೇ ತಿದ್ದಿದ್ದರಿಂದ ಎನ್ನುವುದು ಮಾತ್ರ ಆಗ ತಲೆಗೆ ಹೊಳೆಯಲಿಲ್ಲ.

ಉದ್ಘಾಟಿಸಿದೆ. ಹೆಸರು, ಖಾತೆಯ ಸಂಖ್ಯೆ, ಕಾರ್ಡಿನ ಹಿಂದಿನ ಮೂರು ಅಂಕಿ, ಎಲ್ಲ ತುಂಬಿದೆ. ಆಗ ನಿಜವಾದ ಬ್ಯಾಂಕಿನಿಂದ ಓಟಿಪಿ ಬಂತು. ಜೊತೆಯಲ್ಲಿ ಒಂದು ಸಾಲು: "ಇದನ್ನು ಯಾರೊಂದಿಗು ಹಂಚಿಕೊಳ್ಳ ಬೇಡಿ."

ಓದಿದೆ. ಗಮನವಿಟ್ಟು ಓದಿದೆ. "ಯಾರೊಂದಿಗೂ" ಎಂದಾಗಬೇಕು, "ಹಂಚಿಕೊಳ್ಳಬೇಡಿ" ಒಂದೇ ಪದ ಎಂದುಕೊಂಡೆ. ಎಂದುಕೊಂಡು, ಆ ಆರು ಅಂಕಿಗಳನ್ನು ಅರ್ಜಿಯಲ್ಲಿ ಒಂದೊಂದಾಗಿ ಹಂಚಿಕೊಂಡೆ! ಪ್ರೂಫ್ ನೋಡುವವನ ಹಣೆಬರಹವೇ ಇಷ್ಟು. ಅಕ್ಷರ ಕಾಣುತ್ತದೆ, ಅರ್ಥ ಕಾಣುವುದಿಲ್ಲ.

ಫೋನು ಟಿಣ್ ಎಂದಿತು. ಮಷಿನ್ನಿನ ದುಡ್ಡು ಅಷ್ಟೂ ಹೋಗಿತ್ತು. ಖಾತೆಯಲ್ಲಿ ಒಂದು ಲೋಟ ಚಹಾಕ್ಕೆ ಆಗುವಷ್ಟು ಉಳಿದಿತ್ತು, ಅದೂ ಸಕ್ಕರೆ ಇಲ್ಲದ ಚಹಾಕ್ಕೆ.

"ನನ್ನ ಹಣ ಎಲ್ಲಿ?" ಎಂದು ಬರೆದೆ.

"ಧನ್ಯವಾದಗಳು, ಗುರುಗಳೇ," ಎಂದು ಉತ್ತರ ಬಂತು. ಮಹಾಪ್ರಾಣ ಸರಿಯಾಗಿತ್ತು, ಹೋಗಿದ್ದು ನನ್ನ ಪ್ರಾಣ. ಆಮೇಲೆ ಆ ನಂಬರ್ ಸತ್ತುಹೋಯಿತು.

ಆನ್‌ಲೈನಿನಲ್ಲಿ ಮೋಸ ಹೋದ ಮೇಲೆ ಏನು ಮಾಡಬೇಕು? ಪ್ರಿಯ ಓದುಗರೇ, ಬರೆದಿಟ್ಟುಕೊಳ್ಳಿ: ಆ ದಿನ ನಾನು ಏನೇನು ಮಾಡಿದೆನೋ ಅದೊಂದನ್ನೂ ಮಾಡಬಾರದು. ಮೊದಲ ಕೆಲಸವಾಗಿ ನಾನು ಕೋಣೆಯ ಬಾಗಿಲು ಹಾಕಿಕೊಂಡೆ. ಎರಡನೆಯದಾಗಿ ಪ್ರೆಸ್ಸಿನ ಗೆಳೆಯನಿಗೆ ಫೋನ್ ಮಾಡಿದೆ. ಮಾತಿನ ನಡುನಡುವೆ ನಿಲ್ಲುವುದರಿಂದ ಅವನಿಗೆ ನಾವೆಲ್ಲ "ಅಲ್ಪವಿರಾಮ" ಎಂದು ಹೆಸರಿಟ್ಟಿದ್ದೇವೆ.

"ಮೊದಲು, ನೀವು, ಗಾಬರಿ, ಆಗಬೇಡಿ," ಎಂದ.

"ಗಾಬರಿ ಆಗಿಲ್ಲ ಮಾರಾಯ, ಬೇಗ ಹೇಳು!"

"ಸಹಾಯವಾಣಿಗೆ, ಈಗಲೇ, ಫೋನ್ ಮಾಡಿ. ಬೇಗ ಮಾಡಿದ್ರೆ, ದುಡ್ಡು, ದಾರೀಲೇ, ಹಿಡೀತಾರೆ. ಆಮೇಲೆ, ಬ್ಯಾಂಕಿಗೆ. ಮೊದಲು, ಮನೇಲಿ, ಹೇಳಿದ್ರಾ?"

"ಮನೇಲಿ ಹೇಳೋದಾಗಿದ್ರೆ ನಿನಗ್ಯಾಕೆ ಫೋನ್ ಮಾಡ್ತಿದ್ದೆ?"

ಫೋನ್ ಇಟ್ಟೆ. ಸಹಾಯವಾಣಿಗೆ ಫೋನ್ ಮಾಡುವುದು ಸರಿ. ಆದರೆ ಮಾಡಿ ಏನೆಂದು ಹೇಳುವುದು? ನನ್ನಂಥವನು ತೊದಲಬಾರದು. ದೂರನ್ನು ಮೊದಲು ಬರೆದುಕೊಂಡು, ಆಮೇಲೆ ಓದಿ ಹೇಳಬೇಕು. ಕಾಗದ ತೆಗೆದುಕೊಂಡು ಕೂತೆ.

"ನಾನು ಹಣ ಕಳೆದುಕೊಂಡೆ" ಎಂದು ಶುರುಮಾಡಿದೆ. ಛೆ! ಕರ್ತೃಪದದಲ್ಲೇ ನಾನಿದ್ದರೆ ತಪ್ಪೆಲ್ಲ ನನ್ನದೇ ಆಗಿಬಿಡುತ್ತದೆ. ಹೊಡೆದು ಹಾಕಿ, "ನನ್ನಿಂದ ಹಣವು ಕಳೆಯಲ್ಪಟ್ಟಿತು" ಎಂದು ಬರೆದೆ. ಇದು ಕರ್ಮಣಿ ಪ್ರಯೋಗವೋ ನನ್ನ ಕರ್ಮವೋ ತಿಳಿಯಲಿಲ್ಲ. ಮೂರನೆಯ ಸಲ, "ಹಣ ಹೋಯಿತು" ಎಂದು ಬರೆದು ನಿಟ್ಟುಸಿರು ಬಿಟ್ಟೆ. ಹಣ ತಾನೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ನಮ್ಮ ಮನೆಯಿಂದ ಹೊರಟುಹೋದ ಹಾಗಿತ್ತು. ನನ್ನ ಸುಳಿವೇ ಅದರಲ್ಲಿರಲಿಲ್ಲ. ನಾಲ್ಕನೆಯ ಪ್ರತಿಗೆ ಅಂಚು ಬಿಟ್ಟು ಗೆರೆ ಎಳೆಯುವಾಗ ಗಡಿಯಾರ ನೋಡಿದೆ. ಮುಕ್ಕಾಲು ಗಂಟೆ ಕಳೆದಿತ್ತು!

ಅದೇ ಹೊತ್ತಿಗೆ ನನಗೊಂದು ಭಯಂಕರ ಸಂಗತಿ ನೆನಪಾಯಿತು. ಖಾತೆ ಇಬ್ಬರದು. ದುಡ್ಡು ಹೋದ ಸಂದೇಶ ಇಬ್ಬರ ಫೋನಿಗೂ ಹೋಗಿರುತ್ತದೆ!

ಬೆಕ್ಕಿನ ಹೆಜ್ಜೆ ಇಡುತ್ತಾ ಮುಂದಿನ ಕೋಣೆಗೆ ಹೋದೆ. ನನ್ನಾಕೆ ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡು, ಟೇಪು ಹಿಡಿದು, ಯೂನಿಫಾರಂಗೆ ಬಂದಿದ್ದ ಆಸ್ಪತ್ರೆಯ ಹಿರಿಯ ನರ್ಸಮ್ಮನ ಅಳತೆ ತೆಗೆಯುತ್ತಿದ್ದಳು. ನರ್ಸಮ್ಮ ಎರಡೂ ಕೈ ಚಾಚಿ ನಿಂತಿದ್ದರು. ಹೆಂಡತಿಯ ಫೋನು ಕತ್ತರಿಸಿದ ಬಟ್ಟೆಗಳ ಅಡಿಯಲ್ಲಿ ಇಣುಕುತ್ತಿತ್ತು. ಮೆಲ್ಲಗೆ ಎಳೆದು ಅಂಗಿಯ ಜೇಬಿಗೆ ಇಳಿಸಿದೆ.

"ಅಲ್ಲೇನ್ರೀ ಹುಡುಕ್ತಿದ್ದೀರಾ?"

ಬೆನ್ನಲ್ಲೂ ಕಣ್ಣಿರುವ ಹೆಂಗಸು!

"ಸೂಜಿ!" ಎಂದುಬಿಟ್ಟೆ.

"ನಿಮಗ್ಯಾಕೆ ಸೂಜಿ?"

"ಗುಂಡಿ... ಅಂಗಿ ಗುಂಡಿ ಕಿತ್ತೋಗಿದೆ."

"ಎಲ್ಲಿ, ನೋಡೋಣ."

ನನ್ನ ಎದೆಯ ಮೇಲೆ ಆರಕ್ಕೆ ಆರೂ ಗುಂಡಿಗಳು ಸಾಲಾಗಿ ನಿಂತಿದ್ದವು. ಕೆಮ್ಮು ಬಂದವನಂತೆ ಗೋಡೆಯ ಕಡೆ ತಿರುಗಿ ಎರಡನೆಯದನ್ನು ಹಿಡಿದು ಎಳೆದೆ. ಬರಲಿಲ್ಲ. ಇವಳು ಹಾಕಿದ ಗುಂಡಿ ಅಷ್ಟು ಸುಲಭಕ್ಕೆ ಬರುತ್ತದೆಯೇ? ಹಲ್ಲು ಕಚ್ಚಿ ಜಗ್ಗಿದೆ. ಪರ್ ಎಂದು ಒಂದು ಚೂರು ಬಟ್ಟೆಯನ್ನೂ ಕರೆದುಕೊಂಡು ಬಂತು. ನನ್ನ ಗುಂಡಿಯನ್ನು ನಾನೇ ತೋಡಿಕೊಂಡಿದ್ದೆ.

ಅವಳು ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಇದು ಕಿತ್ತೋಗಿರೋದಲ್ಲ, ಕಿತ್ತಿರೋದು. ಬಿಚ್ಚಿ ಅಂಗಿ."

ಬಿಚ್ಚಿದರೆ ಜೇಬು! "ಬೇಡ ಬೇಡ, ಮೈಮೇಲೇ ಹೊಲಿ. ಚಳಿ."

"ಈ ಸೆಕೇಲಿ ಚಳೀನಾ?" ಎಂದು ನರ್ಸಮ್ಮ ಚಾಚಿದ ಕೈಯನ್ನು ಇಳಿಸಿ ನನ್ನ ಮಣಿಕಟ್ಟು ಹಿಡಿದರು. "ನಾಡಿ ಓಡ್ತಿದೆಯಲ್ಲ ಸಾರ್! ಬಿಪಿ ಏನಾದ್ರೂ ಇದ್ಯಾ?"

ಹೆಂಡತಿ ಸೂಜಿಗೆ ದಾರ ಪೋಣಿಸಿ ನನ್ನ ಎದೆಯ ಮೇಲೆ ಹೊಲಿಯತೊಡಗಿದಳು. ಸೂಜಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ನನ್ನ ಉಸಿರು ಒಳಗೇ ಉಳಿದಿತ್ತು. ಸರಿಯಾಗಿ ಆ ಹೊತ್ತಿಗೆ ನನ್ನ ಜೇಬಿನಲ್ಲಿ ಅವಳ ಫೋನು ಹೊಡೆದುಕೊಳ್ಳಲು ಶುರುಮಾಡಿತು!

ಅವಳು ನನ್ನ ಮುಖ ನೋಡಿದಳು. ಜೇಬಿಗೆ ಕೈ ಹಾಕಿ ಫೋನ್ ತೆಗೆದಳು. ಕರೆ ಮಾಡಿದ್ದು ಮಷಿನ್ ಅಂಗಡಿಯವನು. ಅವನ ಗಂಟಲು ಬೀದಿಗೆಲ್ಲ ಕೇಳುವಂಥದ್ದು.

"ಅಕ್ಕಾ, ಶುಕ್ರವಾರ ಬೆಳಿಗ್ಗೇನೇ ಮಷಿನ್ ತರ್ತೀನಿ. ದುಡ್ಡು ರೆಡಿ ಇದೆ ತಾನೇ?"

"ರೆಡಿ ಇದೆ ಅಣ್ಣಾ! ಜಾಗಾನೂ ಮಾಡಿಟ್ಟಿದ್ದೀನಿ. ಕಿಟಕಿ ಪಕ್ಕ."

ಆ ದನಿಯಲ್ಲಿದ್ದ ಸಂತೋಷ ಕೇಳಿ ನನಗೆ ಅಲ್ಲೇ ಕುಸಿದು ಅತ್ತುಬಿಡಬೇಕು ಅನ್ನಿಸಿತು. ಕಿಟಕಿ ಪಕ್ಕದ ಜಾಗವನ್ನು ಅವಳು ಆಗಲೇ ಗುಡಿಸಿ, ಒರೆಸಿ, ಪ್ಲಗ್ ಪಾಯಿಂಟ್ ಕೂಡ ಹಾಕಿಸಿದ್ದಳು. ಫೋನ್ ಇಡುವಾಗ ಅವಳ ಕಣ್ಣು ಬ್ಯಾಂಕಿನ ಸಂದೇಶದ ಮೇಲೆ ಬಿತ್ತು.

ಎರಡು ಸಲ ಓದಿದಳು. ಸೂಜಿ ದಾರದ ಸಮೇತ ನನ್ನ ಎದೆಯ ಮೇಲೆ ನೇತಾಡುತ್ತಿತ್ತು.

"ಏನ್ರೀ ಇದು?"

ದೂರಿನ ನಾಲ್ಕನೆಯ ಪ್ರತಿಯನ್ನು ಕೈಗೆ ಕೊಟ್ಟೆ. ಅವಳು ಓದಿದಳು. "ಹಣ ಹೋಯಿತು. ಎಲ್ಲಿಗೆ ಹೋಯ್ತು? ಯಾರ ಜೊತೆ ಹೋಯ್ತು? ಯಾವಾಗ ಹೋಯ್ತು?"

"ಒಂದು ಗಂಟೆ ಆಯ್ತು..."

"ಒಂದು ಗಂಟೆಯಿಂದ ಇದನ್ನ ತಿದ್ದುತಾ ಕೂತಿದ್ರಾ?"

"ಅಯ್ಯೋ, ಮೊದಲನೇ ಗಂಟೆಯಲ್ಲೇ ಎಲ್ಲಾ ಇರೋದು!" ಎಂದು ನರ್ಸಮ್ಮ ಕೂಗಿದರು. "ನಮ್ಮಲ್ಲಿ ಎದೆನೋವು ಅಂತ ಬಂದೋರಿಗೂ ಹಂಗೇ. ಫೋನ್ ಮಾಡಮ್ಮಾ, ಮೊದಲು ಫೋನ್ ಮಾಡು!"

ಹೆಂಡತಿ ಸಹಾಯವಾಣಿಗೆ ಫೋನ್ ಮಾಡಿದಳು. ಸಂಬೋಧನೆ ಇಲ್ಲ, ಪೀಠಿಕೆ ಇಲ್ಲ, ಕ್ರಿಯಾಪದದ ಗೊಡವೆಯಂತೂ ಇಲ್ಲವೇ ಇಲ್ಲ. "ಅಣ್ಣಾ, ನನ್ನ ಮಷಿನ್ ದುಡ್ಡು ಹೊಡೆದ್ರು. ಒಂದು ಗಂಟೆ. ಹಿಡೀರಿ ಅಣ್ಣಾ, ಹಿಡೀರಿ!" ಆ ಕಡೆಯವರು ಬ್ಯಾಂಕು, ಹೊತ್ತು, ಸಂದೇಶದಲ್ಲಿದ್ದ ಸಂಖ್ಯೆ ಕೇಳಿದರು. ಹೇಳಿದಳು. ಬ್ಯಾಂಕಿಗೆ ಫೋನ್ ಮಾಡಿ ಕಾರ್ಡನ್ನೂ ನಿಲ್ಲಿಸಿದಳು. ನಾಲ್ಕು ಪ್ರತಿಗಳಲ್ಲಿ ನನ್ನಿಂದಾಗದ ಕೆಲಸ ಅವಳಿಂದ ಏಳು ನಿಮಿಷದಲ್ಲಿ ಮುಗಿಯಿತು.

ಸ್ವಲ್ಪ ಹೊತ್ತಿಗೆ ಸಹಾಯವಾಣಿಯವರೇ ಮತ್ತೆ ಕರೆದರು. ಮುಕ್ಕಾಲು ಪಾಲು ಒಂದು ಖಾತೆಯಲ್ಲಿ ಇನ್ನೂ ಕೂತಿದೆ, ಅದನ್ನು ತಡೆದಿದ್ದೇವೆ. ಕಾಲು ಪಾಲು ಮಾತ್ರ ನೀವು ಫೋನ್ ಮಾಡುವ ಐದಾರು ನಿಮಿಷ ಮೊದಲು ದಾಟಿಹೋಯಿತು. ನಾಳೆ ಠಾಣೆಗೆ ಬಂದು ಇಬ್ಬರೂ ಹೇಳಿಕೆಗೆ ಸಹಿ ಹಾಕಿದರೆ ತಡೆದದ್ದು ವಾಪಸ್ ಬರುತ್ತದೆ, ತಡಮಾಡಬೇಡಿ ಎಂದರು.

ಆ ಐದಾರು ನಿಮಿಷ ಮೊದಲು ನಾನು ಗೋಡೆಗೆ ಮುಖ ಮಾಡಿ ಗುಂಡಿ ಕೀಳುತ್ತಿದ್ದೆ.

ನರ್ಸಮ್ಮ ಹೋದ ಮೇಲೆ ಹೆಂಡತಿ ಕಿಟಕಿ ಪಕ್ಕದ ಖಾಲಿ ಜಾಗದಲ್ಲಿ ಕೂತಳು. ಬೈಯುತ್ತಾಳೆ ಎಂದು ಕಾದೆ.

"ದುಡ್ಡು ಹೋಗಿದ್ದಕ್ಕೆ ಬೇಜಾರಿಲ್ಲ ನನಗೆ," ಎಂದಳು. "ಯಾರಿಗೂ ಆಗಬೋದು, ನಾಳೆ ನನಗೂ ಆಗಬೋದು. ಆದ್ರೆ ನನ್ನ ಫೋನ್ ಕದ್ದು, ಗುಂಡಿ ಕಿತ್ಕೊಂಡು, ನನ್ನ ಕೈಲೇ ಹೊಲಿಸ್ಕೊಂಡು ನಿಂತ್ರಲ್ಲ... ನನ್ನ ಹತ್ರ ಹೇಳೋಕೆ ಅಷ್ಟೊಂದು ಭಯಾನಾ?"

"ಭಯ ಅಲ್ಲ ಕಣೇ. ನಾಚಿಕೆ."

"ನಿಮ್ಮ ನಾಚಿಕೆಗೆ ಕಾಲು ಮಷಿನ್ ಹೋಯ್ತು."

ಆ ಕಾಲು ಪಾಲನ್ನು ನನ್ನ ರಜಾದಿನಗಳಲ್ಲಿ ದುಡಿದು ತುಂಬಿಕೊಡುತ್ತೇನೆ ಎಂದೆ. "ನೋಡೋಣ," ಎಂದಳು. ಅಂಗಡಿಯವನಿಗೆ ಫೋನ್ ಮಾಡಿ ಶುಕ್ರವಾರ ಬೇಡ, ಮುಂದಿನ ವಾರ ಬನ್ನಿ ಎಂದಳು. ದನಿಯಲ್ಲಿ ಬೆಳಗಿನ ಸಂತೋಷ ಇರಲಿಲ್ಲ.

ಮರುದಿನ ಠಾಣೆಯ ಮೆಟ್ಟಿಲು ಹತ್ತುವ ಮುಂಚೆ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಒಳಗೆ ಅವರು ಏನು ಬರೆದ್ರೂ ಸುಮ್ನಿರಬೇಕು. ಒಂದಕ್ಷರ ತಿದ್ದಿದ್ರೆ ನೀವು ಅಲ್ಲೇ ಇದ್ಬಿಡಿ, ನಾನು ಮನೆಗೆ ಹೋಗ್ತೀನಿ. ಪೆನ್ ಕೊಡಿ ಇಲ್ಲಿ." ಕೆಂಪು ಪೆನ್ನನ್ನು ಕಸಿದು ಚೀಲಕ್ಕೆ ಹಾಕಿಕೊಂಡಳು.

ಠಾಣೆಯಲ್ಲಿ ಹೇಳಿಕೆ ಟೈಪ್ ಮಾಡಿದವರು ರೈಟರ್. ರೈಟರ್ ಎಂದರೆ ಬರೆಯುವವರು, ರೈಟಾಗಿ ಬರೆಯುವವರು ಎಂದಲ್ಲ. ಎರಡೇ ಬೆರಳಲ್ಲಿ, ಅಕ್ಷರಗಳ ತಲೆಗೆ ಮೊಟಕುತ್ತಾ ಮುಕ್ಕಾಲು ಗಂಟೆ ಕುಟ್ಟಿದರು. ಕಾಗದ ನನ್ನ ಮುಂದೆ ಬಂತು. ಮೊದಲ ಸಾಲಿನಲ್ಲೇ "ಪಿರ್ಯಾದಿ" ಎಡವಿ ಬಿದ್ದಿದ್ದ. ನಾಲಿಗೆ ಕಚ್ಚಿಕೊಂಡೆ. ಎರಡನೆಯ ಸಾಲಿನಲ್ಲಿ "ಕಾತೆ". ತೊಡೆ ಜಿಗುಟಿಕೊಂಡೆ. ಮೂರನೆಯದರಲ್ಲಿ "ಧೂರು". ಹೆಂಡತಿಯ ಚಪ್ಪಲಿ ನನ್ನ ಪಾದದ ಮೇಲೆ ಬಂದು ಕೂತಿತು. ಹನ್ನೊಂದು ತಪ್ಪುಗಳನ್ನು ನುಂಗಿ ನೀರು ಕುಡಿದೆ. ನನ್ನ ಜೀವಮಾನದಲ್ಲಿ ಅಂಥ ಸಂಯಮ ತೋರಿಸಿದವನಲ್ಲ!

ಹನ್ನೆರಡನೆಯದನ್ನು ಕಂಡು ಮಾತ್ರ ಕಣ್ಣು ಕತ್ತಲೆ ಬಂತು. "ವಂಚಿತನಾದ ನಾನು" ಎಂದಿರಬೇಕಾದ ಕಡೆ ರೈಟರ್ ಮಹಾಶಯರು ಎರಡೇ ಎರಡು ಅಕ್ಷರ ಬದಲಿಸಿ "ವಂಚಕನಾದ ನಾನು" ಎಂದು ಕುಟ್ಟಿಬಿಟ್ಟಿದ್ದರು! ಮೋಸ ಹೋದವನು ಮೋಸ ಮಾಡಿದವನಾಗಿದ್ದ. ಸಹಿ ಹಾಕಿದರೆ ನನ್ನ ಗತಿ?

"ಮೇಡಂ," ಎಂದೆ ಎದುರಿಗಿದ್ದ ಇನ್ಸ್‌ಪೆಕ್ಟರ್ ಮೇಡಂಗೆ, ಕೈ ಮುಗಿದು. ಚಪ್ಪಲಿ ಪಾದವನ್ನು ಅರೆಯುತ್ತಿತ್ತು. "ಒಂದೇ ಒಂದು ತಪ್ಪು. ಎರಡೇ ಅಕ್ಷರ. ಅಪ್ಪಣೆ ಕೊಟ್ಟರೆ..."

ಮೇಡಂ ಕಾಗದ ತಿರುಗಿಸಿಕೊಂಡು ಗಟ್ಟಿಯಾಗಿ ಓದಿದರು: "ವಂಚಕನಾದ ನಾನು ನನ್ನ ಹೆಂಡತಿಗೆ ತಿಳಿಸದೆ, ಆಕೆ ಮಷಿನ್ನಿಗೆಂದು ಇಟ್ಟಿದ್ದ ಹಣದ ವಿಷಯವನ್ನು ಒಂದು ಗಂಟೆ ಮುಚ್ಚಿಟ್ಟು..." ಓದುತ್ತಾ ಓದುತ್ತಾ ಅವರ ಹುಬ್ಬು ಮೇಲೇರಿತು. ತುಟಿ ಬಿಗಿಹಿಡಿದು ನಗು ತಡೆದುಕೊಂಡರು. ಪೆನ್ನಿನ ಕ್ಯಾಪು ತೆಗೆದರು. ಖಾತೆ ಇಬ್ಬರದಲ್ಲವೇ? ಸಹಿಯೂ ಇಬ್ಬರದಲ್ಲವೇ? ನನ್ನ ಹೆಂಡತಿಯ ಕಡೆ ತಿರುಗಿ ಕೇಳಿದರು: "ಏನಮ್ಮಾ, ತಿದ್ದಿಬಿಡಲಾ?"

ನನ್ನಾಕೆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಸಾವಧಾನವಾಗಿ ಓದಿದಳು. ಆಮೇಲೆ ನನ್ನನ್ನೂ ಹಾಗೇ ಒಂದು ಸಲ ಓದಿದಳು.

"ಬೇಡ ಮೇಡಂ, ಹಾಗೇ ಇರಲಿ," ಎಂದು ಸಹಿ ಹಾಕಿ ಪೆನ್ನನ್ನು ನನ್ನ ಕೈಗಿಟ್ಟಳು. "ಇಡೀ ಕಾಗದದಲ್ಲಿ ತಪ್ಪಿಲ್ಲದೆ ಬರೆದಿರೋದು ಅದೊಂದೇ ಪದ!"